ಕೆಂಪಾಗದ ಪರದೆ

ನೆಟ್‌ವರ್ಕ್ ಕೇಂದ್ರದ ಮುಖ್ಯಸ್ಥರಿಗೆ ಬೆನ್ನ ಹಿಂದೆ ಇದ್ದ ಹೆಸರು ಹಸಿರಪ್ಪ. ಕಂಟ್ರೋಲ್ ರೂಮಿನ ಗೋಡೆ ತುಂಬ ಅವರೊಂದು ಪರದೆ ಹಾಕಿಸಿದ್ದರು. ಪ್ರತಿ ರೂಟರಿಗೂ ಅದರಲ್ಲೊಂದು ದೀಪ. ಪಿಂಗ್ ಮಾಡಿ ಕೂಗಿದಾಗ ರೂಟರ್ ಓಗೊಟ್ಟರೆ ಹಸಿರು, ಇಲ್ಲದಿದ್ದರೆ ಕೆಂಪು. ಜೊತೆಗೊಂದು ಕಾನೂನೂ ಅವರದೇ: ದೀಪ ಕೆಂಪಾಗದೆ ಯಾರೂ ದೂರು ದಾಖಲಿಸುವಂತಿಲ್ಲ, ದೂರಿನ ನಂಬರಿಲ್ಲದೆ ಯಾರೂ ರೂಟರ್ ಮುಟ್ಟುವಂತಿಲ್ಲ. ಗ್ರಾಹಕರು ಬಾಯಿ ಬಾಯಿ ಬಡಿದುಕೊಂಡರೂ ಅಷ್ಟೇ. ಹೀಗಾಗಿ ಆ ವರ್ಷ ದೂರೇ ಇರಲಿಲ್ಲ. ದೂರೇ ಇಲ್ಲದ ಮೇಲೆ ತೊಂದರೆ ಎಲ್ಲಿಂದ ಬರಬೇಕು, ಹೇಳಿ? 'ವರ್ಷವಿಡೀ ಅಡಚಣೆಯಿಲ್ಲದ ಕೇಂದ್ರ' ಎಂಬ ಪ್ರಶಸ್ತಿ ಸಾಹೇಬರಿಗೆ ಒಲಿಯಿತು.

ಅಂದು ಸಂಜೆ ಹೆಡ್ಡಾಫೀಸಿನಿಂದ ಅಧ್ಯಕ್ಷರೇ ವಿಡಿಯೋದಲ್ಲಿ ಬಂದು ಅದನ್ನು ಘೋಷಿಸುವವರಿದ್ದರು. ಸಾಹೇಬರು ಹೊಸ ಕೋಟು ಹೊಲಿಸಿ, ಹೆಂಡತಿಯನ್ನೂ ಮಾವನನ್ನೂ ಕರೆದಿದ್ದರು. ಮುಖ್ಯವಾಗಿ ಮಾವನನ್ನು. ಮಾವ ನಿವೃತ್ತ ಹೆಡ್‌ಮಾಸ್ತರು. ಮದುವೆ ಮಾತುಕತೆಯ ದಿನ 'ಹುಡುಗ ಏನು ಕೆಲಸ ಮಾಡ್ತಾನೆ' ಎಂದು ಕೇಳಿ, ಉತ್ತರಕ್ಕೆ 'ಹೂಂ' ಎಂದವರು. ಅಂದಿನಿಂದ ಅಳಿಯ ಏನೇ ಹೇಳಲಿ, ಆ ಬಾಯಿಂದ ಬಂದದ್ದು ಬರೀ ಹೂಂ. ಇವತ್ತಾದರೂ ಆ ಮುದುಕ 'ಭೇಷ್' ಅನ್ನಬೇಕು. ಸಾಹೇಬರಿಗೆ ಬೇಕಿದ್ದದ್ದು ಅಷ್ಟೇ. ಪ್ರಶಸ್ತಿ ನೆಪ.

ಅದೇ ದಿನ ಬೆಳಿಗ್ಗೆ, ಎಲ್ಲ ದೀಪಗಳೂ ಹಸಿರಾಗಿ ನಗುತ್ತಿರುವಾಗ, ಹಿರಿಯ ಎಂಜಿನಿಯರಮ್ಮ ಬಂದು ನಿಂತರು. ಒಂದು ರಕ್ತಪರೀಕ್ಷೆ ಲ್ಯಾಬಿನ ಶಾಖೆಗಳಿಗೆ ರಿಪೋರ್ಟೇ ತಲುಪುತ್ತಿಲ್ಲ ಎಂದು ಕಾರಣ ಬಿಡಿಸಿ ಹೇಳಿದರು. ಗ್ರಾಹಕರ ಡೇಟಾ ಪ್ಯಾಕೆಟ್ಟಿಗೆ ನಾವು ಲೇಬಲ್ ಅಂಟಿಸಿ ಕಳಿಸುತ್ತೇವೆ, ನಡುವಿನ ರೂಟರುಗಳು ವಿಳಾಸ ಓದುವುದಿಲ್ಲ, ಲೇಬಲ್ ನೋಡಿಯೇ ಮುಂದೆ ದಾಟಿಸುತ್ತವೆ. ನಿನ್ನೆ ಹೊಸದಾಗಿ ಕೂರಿಸಿದ ರೂಟರಿನ ಒಂದು ಪೋರ್ಟಿನಲ್ಲಿ ಲೇಬಲ್ ಆನ್ ಮಾಡುವುದನ್ನೇ ಮರೆತಿದ್ದಾರೆ. ಅಲ್ಲಿಗೆ ಬಂದ ಪ್ಯಾಕೆಟ್ಟು ಲೇಬಲ್ ಕಳೆದುಕೊಂಡು ಮುಂದಿನವನ ಕೈ ಸೇರುತ್ತದೆ. ಅವನಿಗೆ ಗ್ರಾಹಕರ ವಿಳಾಸದ ಗಂಧವಿಲ್ಲ, ಬಿಸಾಡುತ್ತಾನೆ. ಪರದೆಯ ಪಿಂಗ್ ಲೇಬಲ್ಲಿಲ್ಲದೆ ಹೋಗುತ್ತದೆ, ಅದಕ್ಕೇ ಹಸಿರು. ಲೇಬಲ್ ಹಚ್ಚಿ ಪಿಂಗ್ ಮಾಡಿದೆ, ಆ ರೂಟರಿನಲ್ಲೇ ನಿಂತಿತು. ಒಂದು ಸಾಲು ಟೈಪ್ ಮಾಡಿದರೆ ಸರಿಹೋಗುತ್ತದೆ. ಅಡಚಣೆ ಎಂದು ಘೋಷಿಸಿ ನೀವೊಂದು ರುಜು ಹಾಕಿದರೆ ಸಾಕು.

ರುಜು! ಒಂದು ರುಜು ಬಿದ್ದರೆ ಪ್ರಶಸ್ತಿ ಪಕ್ಕದ ಕೇಂದ್ರದ ಪಾಲು.

"ಪರದೇಲಿ ಎಲ್ಲಾದ್ರೂ ಕೆಂಪು ಕಾಣ್ತಿದ್ಯೇನಮ್ಮಾ?" ಎಂದರು ಸಾಹೇಬರು.

"ಇಲ್ಲ ಸರ್. ಆದ್ರೆ ಅದೇ ದಾರೀಲಿ ನಮ್ಮ..."

ಸಾಹೇಬರು ಕೈಯೆತ್ತಿ ತಡೆದರು. ನಾಳೆ ನೋಡೋಣ ಎಂದರು. ಆಕೆ ತಮ್ಮ ಸೀಟಿಗೆ ಮರಳಿದರು.

ಅಷ್ಟರಲ್ಲಿ ಲ್ಯಾಬಿನ ಹುಡುಗಿಯ ಫೋನು ಬಂತು. ಜನ ಹೊಟ್ಟೆಗಿಲ್ಲದೆ ರಿಪೋರ್ಟಿಗೆ ಕಾದು ಕೂತಿದ್ದಾರೆ, ಲಿಂಕ್ ಇಲ್ಲ ಎಂದು ನಾನು ಹೇಳಿದರೆ ನಂಬುತ್ತಿಲ್ಲ, ಸ್ಪೀಕರಿನಲ್ಲಿ ಹಾಕುತ್ತೇನೆ, ನೀವೇ ಹೇಳಿ ಎಂದಳು. ಸಾಹೇಬರು ಗಂಟಲು ಸರಿಮಾಡಿಕೊಂಡರು. "ನಮ್ಮ ಕಡೆ ಎಲ್ಲಾ ಸರಿಯಾಗಿದೆ. ನಿಮ್ಮ ಕಂಪ್ಯೂಟರ್ ನೋಡ್ಕೊಳ್ಳಿ."

ಸಂಜೆ ಸಭಾಂಗಣ ತುಂಬಿತ್ತು. ಮಾವ ಮುಂದಿನ ಸಾಲಿನಲ್ಲಿ ಮುಖ ಗಂಟಿಕ್ಕಿ ಕೂತಿದ್ದರು. ಬೆಳಿಗ್ಗೆಯಿಂದ ಅಪ್ಪ ಯಾಕೋ ಸಿಡಿಮಿಡಿ ಅಂತಿದ್ದಾರೆ ಎಂದು ಹೆಂಡತಿ ಕಿವಿಯಲ್ಲಿ ಹೇಳಿದಳು. ಇನ್ನೊಂದು ಗಳಿಗೆ ತಡೀರಿ ಮಾವ, ಎಂದುಕೊಂಡು ಸಾಹೇಬರು ಕೋಟಿನ ಗುಂಡಿ ಹಾಕಿ ಕ್ಯಾಮೆರಾ ಮುಂದೆ ಎದೆಯುಬ್ಬಿಸಿ ನಿಂತರು. ವಿಡಿಯೋ ಪರದೆ ಕಪ್ಪಗಿತ್ತು. ಕಪ್ಪಗೇ ಇತ್ತು. ಯಾರೋ ಕೆಮ್ಮಿದರು. ಸಾಹೇಬರು ಬೆವರೊರೆಸಿಕೊಂಡು ಎಂಜಿನಿಯರಮ್ಮನ ಕಡೆ ನೋಡಿದರು.

ಆಕೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಬೆಳಿಗ್ಗೆ ಹೇಳೋಕೆ ಬಂದಿದ್ದು ಇದನ್ನೇ ಸರ್. ಹೆಡ್ಡಾಫೀಸಿನ ವಿಡಿಯೋನೂ ಅದೇ ದಾರೀಲಿ ಬರೋದು" ಎಂದರು.

ಈಗಲೇ ಸರಿಮಾಡಮ್ಮಾ ಎಂದು ಸಾಹೇಬರು ಅಂಗಲಾಚಿದರು. ದೂರಿನ ನಂಬರ್ ಹಾಕದೆ ರೂಟರ್ ಬಾಗಿಲೇ ತೆರೆಯುವುದಿಲ್ಲ, ದೀಪ ಹಸಿರಿರುವಾಗ ನಂಬರ್ ಹುಟ್ಟುವುದಿಲ್ಲ, ನಿಮ್ಮ ರುಜುವೊಂದೇ ಗತಿ ಎಂದರು ಆಕೆ. ಹಾಗೆ ಮಾಡಿಸಿದ ಮಹಾನುಭಾವ ಯಾರೆಂದು ಹೇಳುವ ಅಗತ್ಯ ಬೀಳಲಿಲ್ಲ.

ಆಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಗಾಬರಿಯಲ್ಲಿ ಯಾರೋ ಸ್ಪೀಕರ್ ಒತ್ತಿದರು. ಅಧ್ಯಕ್ಷರ ಕಾರ್ಯದರ್ಶಿ. ಸಭಾಂಗಣವೆಲ್ಲ ಕಿವಿಯಾಯಿತು.

"ಸರ್, ನಿಮ್ಮ ಮುಖಾನೇ ಕಾಣ್ತಿಲ್ಲ. ಅಧ್ಯಕ್ಷರು ಕಾಯ್ತಿದ್ದಾರೆ. ನಿಮ್ಮ ಕಡೆ ಲಿಂಕ್ ಏನಾದ್ರೂ ಹೋಗಿದ್ಯಾ?"

ಹೌದೆಂದರೆ ಅಡಚಣೆ, ಪ್ರಶಸ್ತಿಗೆ ಎಳ್ಳುನೀರು. ಸಾಹೇಬರ ತಲೆ ಯೋಚಿಸುವ ಮೊದಲೇ ನಾಲಿಗೆ ತನ್ನ ಅಭ್ಯಾಸದ ಮಾತನ್ನು ಆಡಿ ಮುಗಿಸಿತು. "ನಮ್ಮ ಕಡೆ ಎಲ್ಲಾ ಸರಿಯಾಗಿದೆ."

"ಹಾಗಾದ್ರೆ ನೀವೇ ಬಂದಿಲ್ಲ ಅಂತಾಯ್ತು. ಸರಿ, ಪಕ್ಕದ ಕೇಂದ್ರದವರು ರೆಡಿಯಾಗಿ ನಿಂತಿದ್ದಾರೆ, ಅವರಿಗೇ ಕೊಡಿಸ್ತೀವಿ" ಎಂದು ಫೋನಿಟ್ಟರು.

ಮುಂದಿನ ಸಾಲಿನಲ್ಲಿ ಮಾವ ಕುರ್ಚಿಯ ತೋಳು ಹಿಡಿದು ನಿಧಾನವಾಗಿ ಎದ್ದು ನಿಂತರು. ಮದುವೆಯಾದಾಗಿನಿಂದ ಮೊದಲ ಸಲ ಅವರು ಅಳಿಯನ ಕೆಲಸದ ಬಗ್ಗೆ ಹೂಂ ಬಿಟ್ಟು ಬೇರೆ ಮಾತಾಡಿದರು.

"ಬೆಳಿಗ್ಗೆ ಲ್ಯಾಬಲ್ಲಿ ಈ ದನಿ ಕೇಳಿದಾಗಲೇ ಎಲ್ಲೋ ಕೇಳಿದ ಹಾಗಿದೆಯಲ್ಲಾ ಅನ್ನಿಸ್ತು. ನೀವೇನಾ ಅಳಿಯಂದ್ರೇ, ಅದು?"