ಎಸ್ತೇರಮ್ಮನ ಸಿಹಿ ಆಮ್ಲೆಟ್ಟಿನ ತವೆ

ನಾನು ಒಂದು ಕಬ್ಬಿಣದ ತವೆ. ಹುಟ್ಟಿದ್ದು ಗದಗಿನ ಕುಲುಮೆಯೊಂದರಲ್ಲಿ. ಹುಟ್ಟುತ್ತಲೇ ಪೆಟ್ಟು ತಿಂದವನ ಮಾತು ಸ್ವಲ್ಪ ಒರಟು, ಸಹಿಸಿಕೊಳ್ಳಿ.

ಹುಬ್ಬಳ್ಳಿಯ ಸಾಹೇಬರ ಕ್ಲಬ್ಬೊಂದು ನನ್ನನ್ನು ಕೊಂಡಿತು. ಅಲ್ಲಿಯ ಅಡುಗೆಯವ ದಾನಿಯೇಲಪ್ಪ ನನ್ನನ್ನು ಸಿಹಿ ಆಮ್ಲೆಟ್ಟಿಗೆಂದೇ ಮೀಸಲಿಟ್ಟ. ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಬಡಿದು, ಹಳದಿ, ಸಕ್ಕರೆ ಕೂಡಿಸಿ, ಸಣ್ಣ ಉರಿಯಲ್ಲಿ ನನ್ನ ಮೇಲೆ ಹುಯ್ಯುತ್ತಿದ್ದ. ಅದು ಉಬ್ಬಿದಾಗ ಬೇಯಿಸಿ ಸೋಸಿದ ಪೇರಲಹಣ್ಣಿನ ತಿರುಳನ್ನು ನಡುವೆ ಇಟ್ಟು ಮಡಚುತ್ತಿದ್ದ. ಈರುಳ್ಳಿ, ಮೆಣಸಿನಕಾಯಿ ನನ್ನ ಹತ್ತಿರ ಸುಳಿಯುವಂತಿರಲಿಲ್ಲ. ಸೋಪು, ಬೂದಿಯೂ ಅಷ್ಟೇ. ಬಿಸಿ ಆರುವ ಮೊದಲೇ ಉಪ್ಪು ಹಾಕಿ ಒರೆಸಿ, ಬೆಣ್ಣೆ ಸವರಿ ತೂಗುಹಾಕುತ್ತಿದ್ದ. ವರ್ಷಗಟ್ಟಲೆ ಹಾಗೆ ಮಾಡಿ ನನ್ನ ಮೈ ಕಪ್ಪಗೆ, ನುಣ್ಣಗೆ ಆಯಿತು. ಆ ಕಪ್ಪಿನಿಂದಲೇ ಆಮ್ಲೆಟ್ಟು ಅಂಟದೆ ಜಾರುತ್ತಿತ್ತು.

ಕ್ಲಬ್ಬು ಮುಚ್ಚಿತು. ದಾನಿಯೇಲಪ್ಪ ನನ್ನನ್ನು ಕೇಳಿ ಪಡೆದು ಮನೆಗೆ ತಂದ. ಅವನ ಹೆಂಡತಿ ಎಸ್ತೇರಮ್ಮ ಗಂಟಲ ಹುಣ್ಣಿನಿಂದ ಹಾಸಿಗೆ ಹಿಡಿದಿದ್ದಳು. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದಳು. ನೊರೆಯಂಥ ಆ ಆಮ್ಲೆಟ್ಟು ಮಾತ್ರ ಒಳಗೆ ಇಳಿಯುತ್ತಿತ್ತು. ಅವಳ ಜೀವ ನನ್ನ ಮೇಲೆ ನಿಂತಿತ್ತು ಎಂದರೆ ಜಂಬವಲ್ಲ.

ಅತ್ತಿಗೆಯ ಆರೈಕೆಗೆಂದು ಬೆಟಗೇರಿಯಿಂದ ದಾನಿಯೇಲಪ್ಪನ ತಂಗಿ ರೂತಮ್ಮ ಬಂದಳು. ಒಳ್ಳೆಯ ಹೆಂಗಸು. ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಮರುದಿನ ಚರ್ಚಿನ ಅಯ್ಯನವರು ರೋಗಿಗಾಗಿ ಪ್ರಾರ್ಥನೆ ಮಾಡಲು ಬರುವವರಿದ್ದರು. ಮನೆಯಲ್ಲಿ ಕರಿ ಪಾತ್ರೆ ಕಂಡರೆ ಮರ್ಯಾದೆ ಏನು ಉಳಿದೀತು? ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ನನ್ನನ್ನು ಗಸಗಸ ಉಜ್ಜಿದಳು. ಅಷ್ಟು ವರ್ಷಗಳ ಕಪ್ಪು ಮೋರಿಗೆ ಹೋಯಿತು.

"ನೋಡಣ್ಣಾ, ಕನ್ನಡಿ ಆದಂಗ ಆಗೇತಿ!" ಎಂದಳು.

ದಾನಿಯೇಲಪ್ಪ ನನ್ನನ್ನು ಒಲೆಯ ಮೇಲಿಟ್ಟ. ಮೊಟ್ಟೆ ಕಚ್ಚಿಕೊಂಡಿತು, ಹರಿಯಿತು, ಸೀದುಹೋಯಿತು. ಬೆಣ್ಣೆ ಸುರಿದು ಮತ್ತೆ ಮಾಡಿದ. ಅದೂ ಹಾಗೇ. ರೊಟ್ಟಿಯ ಹಂಚಿನ ಮೇಲೂ ಬರಲಿಲ್ಲ. ಎಸ್ತೇರಮ್ಮ ಒಂದು ಚೂರು ಬಾಯಿಗಿಟ್ಟು ಉಗುಳಿದಳು. ಸೀದ ಅಂಚು ಗಂಟಲಿಗೆ ಚುಚ್ಚಿತ್ತು.

"ಕೈ ತಪ್ಪಿತೇನ್ರಿ?" ಎಂದು ಪಿಸುಗುಟ್ಟಿದಳು.

ಬಾಗಿಲಲ್ಲಿ ತಂಗಿ ನಿಂತಿದ್ದಳು. ದಾನಿಯೇಲಪ್ಪ ಅವಳತ್ತ ನೋಡಲಿಲ್ಲ. "ಹೂಂ, ನಂದ ಕೈ ತಪ್ಪೇತಿ. ನಾಳೆ ಛಲೋ ಮಾಡ್ತೀನಿ," ಎಂದ.

ಆ ಕಪ್ಪು ನಾಳೆಗೇ ಬರುವಂಥದ್ದಲ್ಲ. ಅವನು ದಿನವೂ ಬೆಣ್ಣೆ ಸವರಿ ಕಾಯಿಸಿದ. ಮೈಯೆಲ್ಲ ಸುಟ್ಟುಕೊಂಡು ನಾನೂ ಕಾದೆ. ಆ ವಾರವೇ ಎಸ್ತೇರಮ್ಮ ಹಸಿದ ಹೊಟ್ಟೆಯಲ್ಲಿ ತೀರಿಕೊಂಡಳು. ಆಮೇಲೆ ಅವನು ಮೊಟ್ಟೆ ಮುಟ್ಟಲಿಲ್ಲ.

ಈಗ ಅವನೂ ಇಲ್ಲ. ನಾನು ಬೆಟಗೇರಿಯಲ್ಲಿ ರೂತಮ್ಮನ ಗೋಡೆಯ ಮೊಳೆಗೆ ತೂಗುತ್ತಿದ್ದೇನೆ. ಪ್ರತಿ ಶನಿವಾರ ಅವಳು ನನ್ನನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗುತ್ತಾಳೆ. ಬಂದವರಿಗೆಲ್ಲ ತೋರಿಸುತ್ತಾಳೆ: "ನಮ್ಮ ವೈನಿ ಇದರಾಗ ಮಾಡಿದ್ದ ಉಂಡ ಜೀವ ಹಿಡದಿದ್ಳು. ಕಡೀಕ ನಮ್ಮಣ್ಣಂದ ಕೈ ತಪ್ಪಿತು, ಪಾಪ."

ಅಣ್ಣ ನುಂಗಿದ ಮಾತನ್ನು ನಾನೂ ನುಂಗಿಕೊಂಡು ಹೊಳೆಯುತ್ತೇನೆ.