ತೋಟಕ್ಕೆ ಇಳಿದ ಪ್ಯಾರಾಚೂಟ್

ನಮ್ಮ ಯಜಮಾನರು ಪ್ರಭುದೇವ ತುಮಕೂರಿನ ಪಿಯು ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಪಾಠ ಹೇಳುವುದು ಸತ್ತುಹೋದ ರಾಜರದ್ದು, ಕಣ್ಣು ಮಾತ್ರ ಸದಾ ಆಕಾಶದಲ್ಲಿ. ಯಾವ ದೇಶದವರು ಯಾವ ರಾಕೆಟ್ಟಿನ ಪರೀಕ್ಷೆ ಮಾಡುತ್ತಾರೆ, ಮೇಲಿರುವ ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಹೊತ್ತು ಹೋದ ನೌಕೆ ಯಾವಾಗ ವಾಪಸ್ ಬರುತ್ತದೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ. ಸದಾಶಿವನಗರದ ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಯಾವಾಗ ಖಾಲಿಯಾಗುತ್ತದೆ ಎನ್ನುವುದು ಮಾತ್ರ ನನ್ನ ಖಾತೆ.

ಅವರ ಹುಚ್ಚು ಹೋಗುವುದರ ಮೇಲಲ್ಲ, ಬರುವುದರ ಮೇಲೆ. "ಹೋಗೋದನ್ನ ಊರೆಲ್ಲ ನೋಡುತ್ತೆ ಕಣೇ. ವಾಪಸ್ ಬರೋದನ್ನ ಯಾರು ನೋಡ್ತಾರೆ ಹೇಳು" ಎನ್ನುತ್ತಾರೆ. ಕೆಲವು ನೌಕೆಗಳಲ್ಲಿ ಕಸ ತುಂಬಿ ಕಳಿಸಿಬಿಡುತ್ತಾರಂತೆ, ಅವು ಬರುವ ದಾರಿಯಲ್ಲೇ ಉರಿದು ಬೂದಿಯಾಗುತ್ತವೆ. ಇನ್ನು ಕೆಲವು ಪ್ರಯೋಗದ ಸಾಮಾನು ಹೊತ್ತುಕೊಂಡು, ಬೆಂಕಿಯಲ್ಲಿ ಹಾದು, ಕೊನೆಗೆ ಪ್ಯಾರಾಚೂಟ್ ಬಿಚ್ಚಿಕೊಂಡು ಸಮುದ್ರಕ್ಕೆ ಇಳಿಯುತ್ತವೆ. ಆ ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಗಳಿಗೆಗಾಗಿ ಇವರು ಊಟ ಬೇಕಾದರೂ ಬಿಡುತ್ತಾರೆ.

ಊಟ ಬಿಡುತ್ತಾರೆ ಎಂದದ್ದು ಸುಮ್ಮನೆ ಅಲ್ಲ. ಗುಬ್ಬಿಯಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶ. ಪಂಕ್ತಿಯಲ್ಲಿ ಎಲೆಗೆ ಪಾಯಸ ಬೀಳುತ್ತಿದೆ, ಇವರು ಮಡಿಲಲ್ಲಿ ಫೋನ್ ಇಟ್ಟುಕೊಂಡು ಕೂತಿದ್ದಾರೆ. ಇದ್ದಕ್ಕಿದ್ದಂತೆ ಎದ್ದು ನಿಂತು "ಬಿಚ್ಚಿಕೊಂತು! ಮೂರೂ ಬಿಚ್ಚಿಕೊಂತು!" ಎಂದು ಕೂಗಿದರು. ಪಾಯಸದ ಬಕೆಟ್ ಹಿಡಿದಿದ್ದ ಹುಡುಗ ತನ್ನ ಪಂಚೆಯನ್ನೇ ನೋಡಿಕೊಂಡ. ಇಡೀ ಪಂಕ್ತಿ ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆದರೂ ನಿಜ ಹೇಳುತ್ತೇನೆ, ಇಸ್ಪೀಟು, ಬಾರು ಎಂದು ಅಲೆಯುವ ಗಂಡಸರನ್ನು ಕಂಡಿರುವ ನನಗೆ ಈ ಚಟದ ಮೇಲೆ ದೊಡ್ಡ ಕೋಪವೇನೂ ಇಲ್ಲ. ಆಡಿಕೊಳ್ಳುವುದನ್ನು ಮಾತ್ರ ಬಿಟ್ಟಿಲ್ಲ. ತವರಿಗೆ ಹೋದಾಗಲೆಲ್ಲ ಜಗಲಿಯ ಮೇಲೆ ಕೂತು ಇವರ ಕತೆ ಹೇಳಿ ಅಕ್ಕಪಕ್ಕದವರ ಹೊಟ್ಟೆ ಹುಣ್ಣಾಗಿಸುತ್ತಿದ್ದೆ. ಅಲ್ಲಿ ಇವರಿಗೆ 'ರಾಕೆಟ್ ಮೇಷ್ಟ್ರು' ಎಂದು ಹೆಸರು ಬಿದ್ದದ್ದು ನನ್ನಿಂದಲೇ. ಇವರ ಮಾತನ್ನು ಆ ಊರಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ.

ನನ್ನ ತವರು ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಡ್ಯಾಮಿಗೆ ಹತ್ತಿರದ ಒಂದು ಸಣ್ಣ ಊರು. ಅಣ್ಣ ಗುರುಸಿದ್ದಯ್ಯನಿಗೆ ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಹಸುಗಳು ಮಾತ್ರ ಅತ್ತಿಗೆ ಉಮಾಮಹೇಶ್ವರಿಯವು. ಹುಲ್ಲು ಕೊಯ್ಯುವುದರಿಂದ ಹಿಡಿದು ಡೇರಿಗೆ ಹಾಲು ಹಾಕುವವರೆಗೆ ಎಲ್ಲ ಅವರದೇ ಕೈ. ಆ ಹಾಲಿಗೆ ನೀರು ಬೆರೆತಿದೆ ಎಂದು ಇವತ್ತಿನವರೆಗೆ ಒಬ್ಬರು ಬಾಯಿ ತೆರೆದಿಲ್ಲ. ಅತ್ತಿಗೆ ಚಿನ್ನ ಹಾಕಿಕೊಂಡವರಲ್ಲ, ಆದರೆ ಕ್ಯಾನು ಹಿಡಿದು ಡೇರಿಗೆ ನಡೆಯುವಾಗ ಅವರ ನಡಿಗೆ ನೋಡಬೇಕು.

ಹೋದ ಬೇಸಗೆಯ ಒಂದು ಶನಿವಾರ. ಸಾಮಾನಿನ ನೌಕೆಯೊಂದು ನಿಲ್ದಾಣ ಬಿಟ್ಟು ಭೂಮಿಗೆ ಹೊರಟಿದೆ ಎಂದು ಇವರು ಬೆಳಗಿನಿಂದ ಟಿವಿಗೂ ಫೋನಿಗೂ ಓಡಾಡುತ್ತಿದ್ದರು. ಹೊರದೇಶಗಳಲ್ಲಿ ಅಂಥ ನೌಕೆಗಳಿಂದ ಕಳಚಿದ ಭಾಗ ರೈತರ ಹೊಲಕ್ಕೆ ಬಿದ್ದ ಸುದ್ದಿಯನ್ನೂ ಯಾವಾಗಲೋ ಓದಿ ತಲೆಯಲ್ಲಿ ಇಟ್ಟುಕೊಂಡಿದ್ದರು. ಸಂಜೆ ಅಣ್ಣನ ಫೋನು ಬಂತು.

"ಬಾವ, ನಮ್ಮ ತೋಟಕ್ಕೆ ಮೇಲಿಂದ ಏನೋ ಬಿದ್ದದೆ. ಬಿಳೀ ಡಬ್ಬ. ಅದಕ್ಕೊಂದು ಪ್ಯಾರಾಚೂಟ್ ಬೇರೆ ಕಟ್ಟವ್ರೆ. ನೀವು ಹೇಳ್ತಿದ್ರಲ್ಲ, ಅದೇ ಇರಬೈದಾ?"

ಇವರ ಮುಖ ಆಗ ನೋಡಬೇಕಿತ್ತು. ಮಗಳ ಮದುವೆಯಲ್ಲೂ ಅಷ್ಟು ಅರಳಿರಲಿಲ್ಲ. ಎದ್ದು ನಿಂತು ಕೂಗತೊಡಗಿದರು. "ಮುಟ್ಟಬೇಡಿ! ಯಾರೂ ಹತ್ತಿರ ಹೋಗಬೇಡಿ ಗುರುಸಿದ್ದಯ್ಯ! ಅದರ ಇಂಧನ ವಿಷ, ವಾಸನೆ ತಗೊಂಡ್ರೂ ಡೇಂಜರು. ಅಲ್ಲಿ ದನ ಮೇಯಿಸಬೇಡಿ, ಹುಲ್ಲು ಕೊಯ್ಯಬೇಡಿ. ನಾಳೆ ಬೆಳಗ್ಗೆನೇ ಹೊರಟು ಬರ್ತೀನಿ, ಅಲ್ಲೀವರೆಗೂ ಎಲ್ಲ ದೂರ ಇರಿ!"

ಅಣ್ಣ ಫೋನನ್ನು ಸ್ಪೀಕರಿಗೆ ಹಾಕಿದ್ದ. ತೋಟದ ಬೇಲಿಯ ಬಳಿ ಅರ್ಧ ಊರು ನಿಂತಿತ್ತು. ಅದು ನಮಗೆ ಗೊತ್ತಾದದ್ದು ಮಾರನೆಯ ದಿನ.

ಭಾನುವಾರ ಬೆಳಗ್ಗೆ ಇವರು ಮಗಳ ಮದುವೆಗೆ ಹೊಲಿಸಿದ ಶರ್ಟು ಹಾಕಿಕೊಂಡರು. ಕೊರೊನಾ ಕಾಲದ ಮಾಸ್ಕು, ನಾನು ಪಾತ್ರೆ ತೊಳೆಯುವ ಗ್ಲೌಸು, ಫೋನ್ ನಿಲ್ಲಿಸುವ ಸ್ಟ್ಯಾಂಡು ಎಲ್ಲ ಕಾರಿನಲ್ಲಿ ತುಂಬಿದರು. ಹೆಬ್ಬೂರು ದಾಟಿದ ಮೇಲೆ ಖುಷಿಯಲ್ಲಿ ಯಾವುದೋ ಅಡ್ಡದಾರಿಗೆ ತಿರುಗಿಸಿದರು. ದಾರಿ ಹೋಗಿ ಹೋಗಿ ಒಂದು ಕೋಳಿ ಫಾರಮ್ಮಿನ ಗೇಟಿಗೆ ಮುಗಿಯಿತು.

"ದಾರಿ ತಪ್ಪಿದ್ರಲ್ರೀ" ಎಂದೆ.

"ತಪ್ಪಿಲ್ಲ. ಈ ಕಡೆ ಟ್ರಾಫಿಕ್ ಇರಲ್ಲ ಅಂತ ಬಂದೆ."

ಇದು ನಮ್ಮವರ ಗುಣ. ಸಾರಿಗೆ ಉಪ್ಪು ಜಾಸ್ತಿ ಹಾಕಿದರೆ ಮುದ್ದೆ ಸಪ್ಪೆಯಾಗಿದೆ ಎನ್ನುತ್ತಾರೆ. ಕನ್ನಡಕವನ್ನು ತಾವೇ ಎಲ್ಲೋ ಇಟ್ಟರೆ ಮನೆಯಲ್ಲಿ ಜಾಗ ಸರಿಯಿಲ್ಲ ಎನ್ನುತ್ತಾರೆ. ತಪ್ಪಾಯಿತು ಎನ್ನುವ ಮಾತು ಅವರ ಬಾಯಿಂದ ಬಂದದ್ದನ್ನು ನಾನಂತೂ ಕೇಳಿರಲಿಲ್ಲ.

ಊರು ಮುಟ್ಟಿದಾಗ ಮಧ್ಯಾಹ್ನ ತಿರುಗಿತ್ತು. ತೋಟದ ಸುತ್ತ ಹಗ್ಗ ಕಟ್ಟಿ ಕೆಂಪು ಬಟ್ಟೆ ನೇತುಹಾಕಿದ್ದರು. ಜನ ದೂರದಲ್ಲಿ ನಿಂತಿದ್ದರು. ಇವರು ಮಾಸ್ಕು, ಗ್ಲೌಸು ಹಾಕಿಕೊಂಡು ಒಬ್ಬರೇ ಒಳಗೆ ನಡೆದರು. ಆಡಿಕೊಳ್ಳುವ ಮನಸ್ಸಿದ್ದರೂ ನಾನು ಹಗ್ಗ ಹಿಡಿದು ಅವರನ್ನೇ ನೋಡುತ್ತಾ ನಿಂತೆ. ನಿಜವಾಗಿ ವಿಷವಾಗಿದ್ದರೆ?

ಕೆಳಗಿನ ಗರಿಯೊಂದಕ್ಕೆ ಸಿಕ್ಕಿಕೊಂಡು ಡಬ್ಬ ನೇತಾಡುತ್ತಿತ್ತು. ಇವರು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಮಾಸ್ಕು ಕಳಚಿದರು. ಗ್ಲೌಸೂ ಕಳಚಿದರು. ಕೊನೆಗೆ ಅಲ್ಲೇ ಇದ್ದ ತೆಂಗಿನ ಬೊಡ್ಡೆಯ ಮೇಲೆ ಕೂತುಬಿಟ್ಟರು.

ನಾನು ಹಗ್ಗ ದಾಟಿ ಹೋದೆ. ಅದು ಥರ್ಮೋಕೋಲಿನ ಪುಟ್ಟ ಡಬ್ಬ, ಒಂದು ರೊಟ್ಟಿಯಷ್ಟೂ ಭಾರವಿರಲಿಲ್ಲ. ಹರಿದ ಬಲೂನಿನ ರಬ್ಬರು ದಾರಕ್ಕೆ ಅಂಟಿಕೊಂಡಿತ್ತು. ಇದು ಹವಾಮಾನ ಅಳೆಯುವ ಉಪಕರಣ, ಇದರಿಂದ ಅಪಾಯವಿಲ್ಲ ಎಂದು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರೆದ ಸ್ಟಿಕ್ಕರು ಎದುರಿಗೇ ಇತ್ತು. ಹತ್ತಿರ ಹೋಗಿದ್ದರೆ ಹೈಸ್ಕೂಲು ಮಕ್ಕಳೇ ಓದಿ ಹೇಳುತ್ತಿದ್ದರು. ಹತ್ತಿರ ಹೋಗಬೇಡಿ ಎಂದವರು ಯಾರು?

"ಮಳೆ ಗಾಳಿ ನೋಡೋಕೆ ಬಲೂನು ಬಿಡ್ತಾರಲ್ಲ, ಅದು ಕಣೇ" ಎಂದರು ಸಣ್ಣ ದನಿಯಲ್ಲಿ.

ನನಗೆ ನಗು ಉಕ್ಕಿ ಬಂತು. ಇನ್ನು ಆರು ತಿಂಗಳಿಗೆ ಆಗುವಷ್ಟು ಕತೆ ಸಿಕ್ಕಿತು ಎಂದುಕೊಳ್ಳುತ್ತಾ ತಿರುಗಿದರೆ ಹಗ್ಗದ ಆಚೆ ಅತ್ತಿಗೆ ನಿಂತಿದ್ದರು. ಅತ್ತು ಬತ್ತಿದ ಮುಖ. ನನ್ನ ನಗು ಅಲ್ಲೇ ನಿಂತಿತು.

"ನಿನ್ನೆ ಹಗಲೆಲ್ಲ ಹಸು ಇದೇ ತೋಟದಲ್ಲಿ ಮೇಯ್ದಿದ್ವು ದಾಕ್ಷಾಯಣಿ" ಎಂದರು ಅತ್ತಿಗೆ. "ನಿಮ್ಮನೆಯವ್ರು ವಿಷ ಅಂದ್ರಲ್ಲ, ಸಂಜೆ ಹಾಲನ್ನ ನಾನೇ ಚರಂಡಿಗೆ ಸುರಿದೆ. ಬೆಳಗ್ಗೆ ಮನಸ್ಸು ತಡೀದೆ ತಗೊಂಡೋದ್ರೆ ತಿಮ್ಮರಾಜು ಬೇಡ ಅಂದ. ಎಲ್ಲರ ಮುಂದೆ ಕ್ಯಾನು ವಾಪಸ್ ಹಿಡ್ಕಂಡು ಬಂದೆ ಕಣೇ. ಡೇರಿ ಶುರುವಾದಾಗಿಂದ ನನ್ನ ಹಾಲು ಒಂದಿನ ವಾಪಸ್ ಬಂದಿರಲಿಲ್ಲ."

ತಿಮ್ಮರಾಜು ಡೇರಿಯ ಸೆಕ್ರೆಟರಿ. ಅಣ್ಣ ಆಗಲೇ ಅವನ ಹತ್ತಿರ ಓಡಿ, ಅದು ಬರೀ ಬಲೂನಂತೆ ಎಂದು ಹೇಳಿದ. ಸಪ್ಪೆ ಮೋರೆ ಮಾಡಿಕೊಂಡು ವಾಪಸ್ ಬಂದ.

"ನಂಬಲ್ಲ ಕಣಮ್ಮ. ಸ್ಟಿಕ್ಕರ್ ಅದೆ ಅಂದ್ರೆ ಮೇಷ್ಟ್ರೇ ಅಂಟಿಸಿರಬೈದು ಅಂತಾನೆ. ವಿಷ ಅಂದಿದ್ದೂ ನಿಮ್ಮ ಮೇಷ್ಟ್ರೇ, ಈಗ ಹೆಂಡ್ತಿ ತವರಿನ ಹಾಲು ನಿಂತೋಯ್ತು ಅಂತ ಬಲೂನು ಅಂತಿರೋದೂ ಅವರೇ ಅಂತಾನೆ."

ತಿಮ್ಮರಾಜುವನ್ನು ಬೈಯುವ ಹಾಗೂ ಇರಲಿಲ್ಲ. ಡೇರಿಯಲ್ಲಿ ಊರಿನ ಹಾಲೆಲ್ಲ ಬೀಳುವುದು ಒಂದೇ ದೊಡ್ಡ ಕ್ಯಾನಿಗೆ. ಒಬ್ಬರದು ಕೆಟ್ಟರೆ ಎಲ್ಲರದೂ ಹೋಯಿತು. ಇಷ್ಟು ವರ್ಷ ಇವರ ಒಂದು ಮಾತನ್ನೂ ನಂಬದ ಊರು ಕೊನೆಗೂ ಒಂದನ್ನು ನಂಬಿತ್ತು. ಅದೂ ಎಂಥದ್ದನ್ನು! ಆ ಹಾಲು ಇವತ್ತು ಸಂಜೆಯೂ ವಾಪಸ್ ಬಂದರೆ ಅತ್ತಿಗೆ ಮತ್ತೆ ಡೇರಿಯ ಮೆಟ್ಟಿಲು ಹತ್ತುವವರಲ್ಲ, ಹಸುಗಳನ್ನು ಮಾರಿಬಿಡುತ್ತಾರೆ. ಅವರ ಸ್ವಭಾವ ನನಗೆ ಗೊತ್ತು. ನಾನು ಯಾವ ಮುಖ ಹೊತ್ತು ತವರಿಗೆ ಬರಲಿ?

ಇವರು ಊಟಕ್ಕೂ ಏಳಲಿಲ್ಲ. ಸಂಜೆ ಅತ್ತಿಗೆ ಹಾಲು ಕರೆದು ಮುಗಿಸಿದಾಗ ಬಂದು ಕ್ಯಾನಿಗೆ ಕೈ ಹಾಕಿದರು. "ಕೊಡಿ ಅಕ್ಕ. ನಾನು ತಗೊಂಡು ಹೋಗ್ತೀನಿ."

ಮದುವೆಯ ಶರ್ಟಿನಲ್ಲಿ ಹಾಲಿನ ಕ್ಯಾನು ಹೊತ್ತು ಇವರು ಮುಂದೆ, ನಾನೂ ಅತ್ತಿಗೆಯೂ ಹಿಂದೆ. ಡೇರಿಯ ಮುಂದೆ ಸಾಲು ನಿಂತಿತ್ತು. ಎಲ್ಲರೂ ನಮ್ಮ ಕಡೆ ತಿರುಗಿದರು. ಇವರು ಕ್ಯಾನು ಕೆಳಗಿಟ್ಟು ಕ್ಲಾಸಿನಲ್ಲಿ ನಿಲ್ಲುವ ಹಾಗೆ ನಿಂತರು.

"ನೋಡಿ, ಬಾಹ್ಯಾಕಾಶ ನೌಕೆ ಅಂತ ಏನಿರುತ್ತೆ, ಅದರ ಇಂಧನ ನಿಜವಾಗಲೂ ವಿಷಾನೇ. ಅದು ನೌಕೆ ಆಗಿದ್ದಿದ್ರೆ ನಾನು ಹೇಳಿದ್ದು ನೂರಕ್ಕೆ ನೂರು ಸರಿ..."

ಶುರುವಾಯಿತು ಪಾಠ, ಮುಗಿಯಿತು ನಮ್ಮ ಕತೆ ಎಂದುಕೊಂಡೆ. ಜನ ಆಗಲೇ ಮುಖ ತಿರುಗಿಸುತ್ತಿದ್ದರು. ತಿಮ್ಮರಾಜು ಮುಂದಿನವರ ಕ್ಯಾನಿಗೆ ಕೈ ಚಾಚಿದ. ಇವರು ಅತ್ತಿಗೆಯ ಕಡೆ ಒಮ್ಮೆ ನೋಡಿದರು. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಿದ್ದರು. ಇವರ ಮಾತು ಅರ್ಧಕ್ಕೇ ನಿಂತಿತು. ಮತ್ತೆ ಬಾಯಿ ತೆರೆದಾಗ ದನಿ ಬೇರೆಯಾಗಿತ್ತು.

"ಅದೆಲ್ಲ ಬಿಡಿ. ರಾಕೆಟ್ ಬಿಡೋರು ಅದು ಬಿದ್ರೆ ಬಿತ್ತು ಅಂತಾರೆ. ಸುಟ್ಟೋದ್ರೆ ಸುಟ್ಟೋಯ್ತು ಅಂತಾರೆ, ಸುಟ್ಟ ವಿಡಿಯೋನ ಅವರೇ ಲೋಕಕ್ಕೆಲ್ಲ ತೋರಿಸ್ತಾರೆ. ಅದನ್ನ ಮೆಚ್ಚಿಕೊಂಡೇ ನಾನು ಇಷ್ಟು ವರ್ಷ ನೋಡ್ಕೊಂಡು ಬಂದಿರೋದು. ನಿನ್ನೆ ನಾನು ತುಮಕೂರಲ್ಲಿ ಸೋಫಾ ಮೇಲೆ ಕೂತ್ಕೊಂಡು, ಕಣ್ಣಲ್ಲಿ ನೋಡದೆ, ಫೋಟೋ ಕೂಡ ಕೇಳದೆ, ವಿಷ ಅಂತ ಕೂಗಿಬಿಟ್ಟೆ. ನನಗೆ ಅದು ನೌಕೆನೇ ಆಗಿರಬೇಕು ಅಂತ ಆಸೆ ಇತ್ತು, ಅದಕ್ಕೆ. ತಪ್ಪು ನಂದು. ಈ ತಾಯಿ ಹಾಲಲ್ಲಿ ಏನೂ ಇಲ್ಲ. ತಪ್ಪಾಯ್ತು, ಕ್ಷಮಿಸಿ."

ಹೀಗೆಂದು ಕೈ ಮುಗಿದರು. ಕಾಲೇಜಿನಲ್ಲಿ ಮಕ್ಕಳಿಂದ ಕೈ ಮುಗಿಸಿಕೊಳ್ಳುವ ಮನುಷ್ಯ.

ತಿಮ್ಮರಾಜು ತಲೆ ಕೆರೆದುಕೊಂಡ. "ಅಲ್ಲ ಮೇಷ್ಟ್ರೇ, ನಂಗೇನೂ ಹಟ ಇಲ್ಲ. ಇವತ್ತು ಹಿಂಗಂತೀರಿ, ಊರ ಹಾಲೆಲ್ಲ ಹೋದ್ರೆ ನಾಳೆ ನಾನ್ ಯಾರ್ನ ಕೇಳಾನ?"

ಸಾಲಿನ ಮುಂದೆ ಕದರಯ್ಯ ನಿಂತಿದ್ದರು. ಊರಿಗೆ ಹಿರಿಯರು, ನನ್ನನ್ನು ಎತ್ತಿ ಆಡಿಸಿದವರು. ಅವರು ನನ್ನ ಕಡೆ ತಿರುಗಿದರು.

"ನೀನು ಈ ಊರ ಮಗಳು ಕಣವ್ವ. ನಿನ್ ಗಂಡನ್ನ ಆಡ್ಕಂಡು ನಮ್ಮುನ್ನೆಲ್ಲ ನಗಿಸಿರೋಳೂ ನೀನೇಯ. ನಿನ್ನ ಕಂಡ್ರೆ ನಮಗೆ ನಂಬಿಕೆ. ಈವಯ್ಯ ಹೇಳ್ತಿರೋದು ದಿಟವಾ, ಇಲ್ಲ ನಿಮ್ಮತ್ತಿಗೆ ಹಾಲು ಡೇರಿಗೆ ಬೀಳ್ಲಿ ಅಂತ ಹೇಳ್ತಿರೋದಾ? ನೀನು ಹೇಳ್ಬುಡು, ಸಾಕು."

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಇವರೂ ನೋಡಿದರು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಏನು ಹೇಳಿದರೂ ಸರಿ ಎನ್ನುವ ಸೋತ ಮುಖ. ಸ್ಟಿಕ್ಕರಿನ ವಿಷಯ ಹೇಳಲೇ, ಬಲೂನಿನ ವಿಷಯ ಹೇಳಲೇ ಎಂದು ತಡಕಾಡಿದೆ. ಕೊನೆಗೆ ಬಾಯಿಗೆ ಬಂದದ್ದೇ ಬೇರೆ.

"ಅಪ್ಪಾಜಿ, ನಾನು ಇವರನ್ನ ಕಟ್ಕೊಂಡಾಗಿಂದ ಇವರು ತಪ್ಪಾಯ್ತು ಅಂದಿದ್ದು ಇವತ್ತೇ ಮೊದಲು. ಮನೇಲಿ ನನಗೇ ಅಂದಿಲ್ಲ, ದೇವರ ಮುಂದೂ ಅಂದಿರಲಾರರು. ಸುಳ್ಳು ಹೇಳೋದಾಗಿದ್ರೆ ಇನ್ನೂ ಸುಲಭದ್ದು ಎಷ್ಟೋ ಇತ್ತು. ಈ ಮಾತು ಇವರ ಬಾಯಿಂದ ಬರಬೇಕು ಅಂದ್ರೆ ಅದು ನಿಜಾನೇ ಇರಬೇಕು."

ಸಾಲಿನ ಹೆಂಗಸರು ಮೊದಲು ನಕ್ಕರು. ಗಂಡನನ್ನು ಕಟ್ಟಿಕೊಂಡವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಕದರಯ್ಯನವರು ಬೊಚ್ಚುಬಾಯಿ ತೆರೆದು ನಗುತ್ತಾ ತಿಮ್ಮರಾಜುವಿನ ಬೆನ್ನಿಗೆ ಒಂದು ಗುದ್ದು ಕೊಟ್ಟರು. "ಹುಯ್ಯಲಾ, ಅಕ್ಕನ ಹಾಲ್ನೇ ಮೊದಲು ಹುಯ್ಯಿ. ಅದರ ಮ್ಯಾಲೆ ನಂದು ಹುಯ್ಯಿ."

ತಿಮ್ಮರಾಜು ಸ್ಯಾಂಪಲ್ಲಿಗೆ ಒಂದಿಷ್ಟು ತೆಗೆದಿಟ್ಟು, ಉಳಿದದ್ದನ್ನು ಸೋಸುವ ಬಟ್ಟೆಯ ಮೇಲೆ ಸುರಿದ. ಹಾಲು ಇಳಿದು ಎಲ್ಲರ ಹಾಲಿನ ಜೊತೆ ಸೇರಿತು. ಅತ್ತಿಗೆ ತಲೆ ಎತ್ತಿದರು.

ಇವರು ಕೈ ಎಲ್ಲಿಡುವುದು ತಿಳಿಯದೆ ಪಕ್ಕದಲ್ಲಿ ನಿಂತಿದ್ದರು. ಶರ್ಟಿನ ತೋಳಿಗೆ ಹಾಲು ಚೆಲ್ಲಿತ್ತು. ಆ ಗಳಿಗೆಯಲ್ಲಿ ನನ್ನ ಗಂಡನ ಮೇಲೆ ಬಂದಷ್ಟು ಪ್ರೀತಿ ನನಗೆ ಮದುವೆಯ ಮಂಟಪದಲ್ಲೂ ಬಂದಿರಲಿಲ್ಲ. ಅಷ್ಟು ಜನರ ಮುಂದೆ ಅದನ್ನು ಹೇಳುವುದು ಹೇಗೆ? ಖಾಲಿ ಕ್ಯಾನು ಎತ್ತಿ ಅವರ ಕೈಗೆ ಕೊಟ್ಟೆ.

"ನಲ್ಲಿ ಅಲ್ಲಿದೆ, ತೊಳ್ಕೊಂಡು ಬನ್ನಿ" ಎಂದೆ.