ನಾನಿಯ ಅಂಗಾಲಿನ ಮೆಹಂದಿ

ನಮ್ಮ ನಾನಿಗೆ, ಅಂದರೆ ನನ್ನ ತಾಯಿಯ ತಾಯಿಗೆ, ಸಕ್ಕರೆ ಕಾಯಿಲೆ. ಅಂಗಾಲು ಸದಾ ಉರಿಯುತ್ತಿತ್ತು. ಉರಿ ಹೆಚ್ಚಾದಾಗ ಮೆಹಂದಿ ಕಲಸಿ ಅಂಗಾಲಿಗೂ ಬೆರಳ ಸಂದಿಗಳಿಗೂ ದಪ್ಪಗೆ ಮೆತ್ತುವುದು ಮನೆಯ ರೂಢಿ. ಅದು ನನ್ನ ಕೆಲಸ. ಓದು ನಿಲ್ಲಿಸಿದ ಮೇಲೆ ನಾನು ಆರ್.ಟಿ. ನಗರದ ಮಾವನ ಮನೆಗೆ ಬಂದದ್ದೇ ನಾನಿಯನ್ನು ನೋಡಿಕೊಳ್ಳಲು.

ಆ ಭಾನುವಾರ ಮೆಹಂದಿ ಬಟ್ಟಲು ಹಿಡಿದು ಕೂತಾಗ ಕಿರುಬೆರಳ ಸಂದಿಯಲ್ಲಿ ಬಿರುಕು ಕಂಡಿತು. ಅದರ ಅಂಚು ನೀರಲ್ಲಿ ನೆನೆದ ಹಾಗೆ ಬೆಳ್ಳಗಿತ್ತು, ಸುತ್ತ ಕೆಂಪು.

“ನಾನಿ, ಇಲ್ಲಿ ಗಾಯ ಆಗಿದೆ. ಮುಮಾನಿಗೆ ಹೇಳ್ಲಾ?”

ಮುಮಾನಿ ಅಂದರೆ ಮಾವನ ಹೆಂಡತಿ ಫರೀದಾ.

“ಅವಳಿಗಾ? ಹೇಳು, ಈಗ್ಲೇ ಆಟೋ ಕರೀತಾಳೆ. ಕೆಳಗಿನ ಮನೆ ಗೌರಮ್ಮನ ಬೆರಳು ತೆಗೆದ್ರಲ್ಲ, ಹಂಗೇ ನಂದೂ ತೆಗೀತಾರೆ. ಸುಮ್ನೆ ಹಚ್ಚೇ, ತಂಪಿಗೆ ವಾಸಿ ಆಗುತ್ತೆ.”

ಹಚ್ಚಿದೆ. ಮುಮಾನಿಯ ಗಟ್ಟಿ ದನಿಯ ಮುಂದೆ ಬಾಯಿ ತೆರೆಯುವುದಕ್ಕಿಂತ ಅದು ಸುಲಭವಾಗಿತ್ತು. ತೊಳೆದಾಗ ಇಡೀ ಪಾದ ಕಡುಗೆಂಪಾಗಿತ್ತು. ಮೆಹಂದಿಯ ಕೆಂಪು ಯಾವುದು, ಗಾಯದ ಕೆಂಪು ಯಾವುದು ಎಂದು ನನಗೇ ಗೊತ್ತಾಗಲಿಲ್ಲ. ಗೊತ್ತಾಗದೇ ಇದ್ದದ್ದು ಒಂದು ರೀತಿ ಸಮಾಧಾನ ಕೊಟ್ಟಿತು.

ಬುಧವಾರ ನಾನಿ ಗಡಗಡ ನಡುಗಿದರು. ನನ್ನನ್ನು ಅಮ್ಮನ ಹೆಸರಿನಿಂದ ಕರೆದರು. ಮುಮಾನಿ ಅವರ ಕೈ ಹಿಡಿದು ನೋಡಿ, “ಕೈ ಬೆಚ್ಚಗಿದೆ, ಮುಖಾನೂ ಕೆಂಪಗಿದೆ. ಜ್ವರ ಅಷ್ಟೇ,” ಅಂದರು. ಮಧ್ಯಾಹ್ನದ ಊಟಕ್ಕೆ ಎಬ್ಬಿಸಿದರೆ ನಾನಿ ಏಳಲೇ ಇಲ್ಲ.

ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಿಪಿ ಪಾತಾಳಕ್ಕೆ ಇಳಿದಿತ್ತು. ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಿದರೂ ಮೇಲೆ ಬರಲಿಲ್ಲ.

“ಕೈ ಬೆಚ್ಚಗೇ ಇತ್ತಲ್ಲ ಡಾಕ್ಟ್ರೇ,” ಎಂದರು ಮುಮಾನಿ.

“ಅದೇ ಮೋಸ ಕಣ್ರೀ,” ಎಂದರು ಡಾಕ್ಟರ್ ನಾಗಲಕ್ಷ್ಮಿ. “ಎಲ್ಲೋ ಬ್ಯಾಕ್ಟೀರಿಯಾ ಸೇರ್ಕೊಂಡು ಸೋಂಕು ರಕ್ತಕ್ಕೆ ಹರಡಿದೆ. ರಕ್ತನಾಳಗಳು ಬಿಗಿಯಾಗಿ ಇರ್ಬೇಕು. ಈಗ ಹಳೇ ಲಂಗದ ಎಲಾಸ್ಟಿಕ್ ಥರ ಸಡಿಲ ಬಿಟ್ಟಿವೆ. ಚರ್ಮಕ್ಕೆ ರಕ್ತ ನುಗ್ಗಿ ಕೈ ಬೆಚ್ಚಗಿರುತ್ತೆ, ಒತ್ತಡ ಇಲ್ದೆ ಕಿಡ್ನಿಗೆ, ಮಿದುಳಿಗೆ ಸಾಲಲ್ಲ. ನಾಳ ಬಿಗಿ ಮಾಡೋ ಔಷಧಿ ಶುರು ಮಾಡಿದೀವಿ. ಆದ್ರೆ ಸೋಂಕಿನ ಮೂಲ ಸಿಗ್ದೇ ಇದ್ರೆ ಉಳಿಸ್ಕೊಳ್ಳೋದು ಕಷ್ಟ. ಕೆಮ್ಮು ಇತ್ತಾ? ಮೂತ್ರದಲ್ಲಿ ಉರಿ? ಎಲ್ಲಾದ್ರೂ ಗಾಯ?”

“ಗಾಯ ಇಲ್ಲ. ನಮ್ಮ ನಿಶಾತ್ ದಿನಾ ಮೈ ಒರೆಸ್ತಾಳೆ. ಇದ್ದಿದ್ರೆ ಹೇಳ್ತಿದ್ಲು,” ಎಂದು ಮುಮಾನಿ ನನ್ನ ಕಡೆ ತೋರಿಸಿದರು.

ನರ್ಸ್ ಕಲಾವತಿ ಕಾಲ ಮೇಲಿನ ಹೊದಿಕೆ ಸರಿಸಿದರು. “ಏನಜ್ಜಿ, ಮದುವೆ ಹೆಣ್ಣಿನ ಥರ ರೆಡಿ ಆಗಿದೀರಾ!” ಅಂದವರು ಹಾಗೇ ಮುಚ್ಚಿಬಿಟ್ಟರು.

ನಾನು ಪರದೆ ಹಿಡಿದು ನಿಂತಿದ್ದೆ. ಯಂತ್ರದಲ್ಲಿನ ಅಂಕಿ ಇಳಿಯುತ್ತಿತ್ತು. ಡಾಕ್ಟರ್ ನಾನಿಯ ಎದೆಯ ಎಕ್ಸ್‌ರೇ ನೋಡಲು ಆಚೆ ತಿರುಗಿದರು.

“ಕಿರುಬೆರಳು,” ಅಂದೆ. ಯಾರಿಗೂ ಕೇಳಿಸಲಿಲ್ಲ. ಡಾಕ್ಟರ ಕೋಟು ಹಿಡಿದು ಎಳೆದೆ. “ಎಡಗಾಲು. ಕಿರುಬೆರಳ ಸಂದಿ ನೋಡಿ.”

ಅವರು ಬೆರಳು ಬಿಡಿಸಿದ ಕೂಡಲೇ ವಾಸನೆ ಹೊಡೆಯಿತು. ಒತ್ತಿದರೆ ಕೀವು. ಆ ಸಂಜೆಯೇ ಬೆರಳು ತೆಗೆದು ಒಳಗೆಲ್ಲ ಸ್ವಚ್ಛ ಮಾಡಿದರು. ಮರುದಿನದಿಂದ ನಾಳ ಬಿಗಿ ಮಾಡುವ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿದರು. ನಾನಿ ಕಣ್ಣು ಬಿಟ್ಟರು.

ನೋಡಲು ಬಂದವರಿಗೆಲ್ಲ ಮುಮಾನಿ ಒಂದೇ ಮಾತು ಹೇಳಿದರು. “ಡಾಕ್ಟ್ರಿಗೂ ಕಾಣ್ಲಿಲ್ಲ, ನಮ್ಮ ನಿಶಾತ್ ಕಂಡುಹಿಡಿದ್ಲು.” ನಾನು ತಲೆ ತಗ್ಗಿಸುತ್ತಿದ್ದೆ. ನಾಚಿಕೆ ಅಂದುಕೊಂಡು ಎಲ್ಲರೂ ನಕ್ಕರು. ಅವರು ತಂದ ಸೇಬನ್ನು ಹೆಚ್ಚಿ ಅವರಿಗೇ ಕೊಟ್ಟೆ.

ನಾನಿಯನ್ನು ಐಸಿಯುನಿಂದ ವಾರ್ಡಿಗೆ ತಂದ ದಿನ ಡಾಕ್ಟರ್ ಕೇಳಿದರು, “ಇದು ಒಂದೇ ದಿನದ ಗಾಯ ಅಲ್ಲ. ಮೆಹಂದಿ ಹಚ್ಚೋವಾಗ ಯಾರೂ ನೋಡ್ಲಿಲ್ವಾ?”

ನಾನಿ ಒಡೆದ ದನಿಯಲ್ಲಿ ಹೇಳಿದರು. “ನಾನೇ ಹಚ್ಕೊಂಡೆ. ಹುಡುಗಿಗೆ ಏನೂ ಗೊತ್ತಿಲ್ಲ.”

“ಸುಮ್ನಿರಿ ಅಮ್ಮೀ. ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕೆ ಆಗಲ್ಲ ನಿಮ್ಗೆ, ಅಂಗಾಲಿಗೆ ಮೆಹಂದಿ ಹೆಂಗೆ...”

ಮುಮಾನಿಯ ಮಾತು ಅಲ್ಲೇ ನಿಂತಿತು. ನನ್ನ ಕಡೆ ತಿರುಗಿದರು.

“ನಾನು ಹಚ್ಚಿದ್ದು, ಮುಮಾನಿ. ಗಾಯ ನೋಡಿದ ಮೇಲೇ ಹಚ್ಚಿದ್ದು.”

ಅವರು ಬೈಯಲಿಲ್ಲ. ಬೈದಿದ್ದರೆ ಅತ್ತುಬಿಡಬಹುದಿತ್ತು. ಕಿಟಕಿಯ ಕಡೆ ತಿರುಗಿದರು. ಆಮೇಲೆ, ನನ್ನನ್ನು ನೋಡದೆಯೇ, ಡಾಕ್ಟರಿಗೆ ಹೇಳಿದರು, “ಮನೇಲಿ ಬ್ಯಾಂಡೇಜ್ ಬದಲಾಯಿಸೋದು ಇವಳೇ. ಸರಿಯಾಗಿ ಹೇಳ್ಕೊಡಿ.”

ಡಾಕ್ಟರ್ ಪಟ್ಟಿ ಬಿಚ್ಚತೊಡಗಿದರು. ನಾನಿ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ನಾನೂ ಕಣ್ಣು ಮುಚ್ಚಿದೆ.

“ಹಂಗಲ್ಲಮ್ಮ,” ಎಂದರು ಡಾಕ್ಟರ್. “ಕಣ್ಣು ಬಿಟ್ಟು ನೋಡು.”

ಬೆರಳಿದ್ದ ಜಾಗವನ್ನು ನೋಡಿದೆ.